ಕುಖ್ಯಾತ ಬೀದಿಯ ಶಿಶುವಿಹಾರ

ಜೂನ್ 3, ಸೋಮವಾರ

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ತಿಳಿದುಬಂದ ವಿಷಯವೆಂದರೆ, ನಾನು ವಾಸವಾಗಿರುವುದು ಒಂದು ಕುಖ್ಯಾತ ಬೀದಿಯಲ್ಲಿ. ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಪತ್ರಿಕೆಯವರು ದೊಡ್ಡ ಮನಸ್ಸು ಮಾಡಿ ತಿಳಿಸಿದ್ದಾರೆ.

ಮೂರನೇ ಪುಟ, ಮೇಲ್ಗಡೆ. "ಕುಖ್ಯಾತ ಬೀದಿಯಲ್ಲಿ ಮತ್ತೆ ಘರ್ಷಣೆ." ಕೆಳಗೆ ಹೀಗಿದೆ: "ನೀರಿನ ಟ್ಯಾಂಕ್ ಬಳಿಯ ಬೀದಿಯಲ್ಲಿ ಭಾನುವಾರ ಸಂಜೆ ಎರಡು ಗುಂಪುಗಳ ನಡುವೆ ಮಾರಾಮಾರಿ ನಡೆದಿದ್ದು, ಒಬ್ಬ ಗಾಯಗೊಂಡಿದ್ದಾನೆ. ಕಾರೊಂದು ಜಖಂಗೊಂಡಿದೆ. ಸ್ಥಳದಲ್ಲಿ ಬಿಗುವಿನ ವಾತಾವರಣವಿದ್ದು, ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಮೂಲಗಳು ತಿಳಿಸಿವೆ. ಗಲಾಟೆಗಳಿಗೆ ಕುಖ್ಯಾತವಾದ ಈ ಬೀದಿಯಲ್ಲಿ ಹಿಂದೆಯೂ ಇಂಥ ಘಟನೆಗಳು ನಡೆದಿದ್ದವು."

ನಮ್ಮವರು ಇದನ್ನು ಜೋರಾಗಿ ಓದಿ ಮುಗಿಸಿ, "ಬಿಗುವಿನ ವಾತಾವರಣದಲ್ಲಿ ಇನ್ನರ್ಧ ಲೋಟ ಕಾಫಿ ಸಿಗುತ್ತಾ?" ಎಂದರು. ಅವರಿಗೆ ಎಲ್ಲದಕ್ಕೂ ತಮಾಷೆ.

ಭಾನುವಾರ ಸಂಜೆ ನಡೆದದ್ದೇನು ಎಂದು ನಾನು ಬರೆಯುತ್ತೇನೆ, ಕಣ್ಣಾರೆ ಕಂಡವಳು ನಾನು. ಮೂಲೆ ಅಂಗಡಿಯವನು ಹೊಸ ಫ್ರಿಜ್ ತರಿಸಿದ್ದ. ವ್ಯಾನಿನಿಂದ ಇಳಿಸಲು ಅವನ ಬಾಮೈದ ಬಂದಿದ್ದ. ಭಾವ ಎಡಕ್ಕೆ ತಿರುಗಿಸು ಎಂದ, ಬಾಮೈದ ಬಲಕ್ಕೆ ತಿರುಗಿಸಿದ. ಫ್ರಿಜ್ ಬಾಮೈದನ ಕಾಲ ಮೇಲೆ ಬಿತ್ತು. ಬೀಳುವಾಗ ಪಕ್ಕದಲ್ಲಿ ನಿಂತಿದ್ದ ಕಾರಿನ ಕನ್ನಡಿಯನ್ನೂ ಕಿತ್ತುಕೊಂಡು ಬಿತ್ತು. ಬಾಮೈದ ಭಾವನ ಜನ್ಮ ಜಾಲಾಡಿದ. ಭಾವ ಕೈ ಎತ್ತಿದ, ಬಾಮೈದ ಕುಂಟುತ್ತಲೇ ಅವನ ಕಾಲರ್ ಹಿಡಿದ. ಆಮೇಲೆ ಇಬ್ಬರೂ ಸೇರಿ ಫ್ರಿಜ್ ಎತ್ತಿ ಒಳಗಿಟ್ಟರು. ಮಾರಾಮಾರಿ ಎಂದರೆ ಇಷ್ಟೇ. ಗುಂಪುಗಳೆಂದರೆ ಇವರಿಬ್ಬರೇ.

ಆಯಮ್ಮ ಬಂದ ಮೇಲೆ ಅವರಿಗೂ ಓದಿ ಹೇಳಿದೆ. ಅವರು ಚಾಪೆ ಹಾಸುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಮಿಸ್, ಅವರಿಬ್ಬರದ್ದು ಮದುವೆ ಆದಾಗಿಂದ ನಡೀತಿದೆ. ಆಗಿಂದ ಬರ್ಕೊಂಡು ಬಂದಿದ್ರೆ ಪೇಪರಿನವರಿಗೆ ಜಾಗ ಸಾಲ್ತಿರಲಿಲ್ಲ." ಅವರ ನಗು ಕೇಳಿ ನನ್ನ ಸಿಟ್ಟೂ ಸ್ವಲ್ಪ ಇಳಿಯಿತು. ಮನೆಯಲ್ಲೇ ನಾನು ನಡೆಸುವ ಈ ಶಿಶುವಿಹಾರ ಶುರುವಾದ ದಿನದಿಂದ ಜೊತೆಗಿರುವವರು ಆಯಮ್ಮ. ಮಕ್ಕಳನ್ನು ಬಿಟ್ಟುಹೋಗುವ ತಾಯಂದಿರು ನನಗೆ ಟಾಟಾ ಮಾಡುತ್ತಾರೆ, ಮಕ್ಕಳು ಮಾತ್ರ ಓಡುವುದು ಅವರ ಮಡಿಲಿಗೆ.

ಜೂನ್ 4, ಮಂಗಳವಾರ

ನಗು ಬತ್ತಿ ಹೋಯಿತು. ಅವಳಿ ಮಕ್ಕಳ ತಂದೆ ಫೋನ್ ಮಾಡಿ, "ಸದ್ಯಕ್ಕೆ ಮನೇಲೇ ನೋಡ್ಕೋತೀವಿ ಮೇಡಂ, ವಾತಾವರಣ ತಿಳಿಯಾಗ್ಲಿ" ಎಂದರು. ಯಾವ ವಾತಾವರಣ? ಫ್ರಿಜ್ಜಿನದೇ? ದಂತವೈದ್ಯೆಯ ಮಗಳು ಬರಲಿಲ್ಲ. ಹೊಸದಾಗಿ ಸೇರಿಸುತ್ತೇವೆಂದು ಬಂದು ನೋಡಿಹೋಗಿದ್ದ ದಂಪತಿ ಫೋನನ್ನೇ ಎತ್ತಲಿಲ್ಲ.

ಬ್ಯಾಂಕಿನ ಮೇಡಂ ಮಾತ್ರ ಗುಂಡನನ್ನು ಕರೆತಂದರು. ಗುಂಡ ಎಂದು ಹೆಸರಿಟ್ಟವರು ಆಯಮ್ಮ, ಮಗು ಹಾಗೇ ಇದೆ. ಮೇಡಂ ಗೇಟಿನಲ್ಲಿ ನಿಂತು ಬೀದಿಯ ಆ ತುದಿ ಈ ತುದಿ ನೋಡಿ, "ಪೊಲೀಸ್ ಏನಾದ್ರೂ ಹಾಕಿದ್ದಾರಾ?" ಎಂದು ಕೇಳಿದರು. ನಾನು ಫ್ರಿಜ್ಜಿನ ಕಥೆ ಹೇಳಿದೆ. ಅವರು ತಲೆಯಾಡಿಸಿದರು. ನಂಬಿದ ತಲೆಯಾಡಿಸುವಿಕೆ ಅಲ್ಲ ಅದು, ಪಾಪ, ಈಕೆ ಇನ್ನೇನು ತಾನೆ ಹೇಳುತ್ತಾಳೆ ಎನ್ನುವಂಥದ್ದು.

ಮಕ್ಕಳು ಇಲ್ಲದಿದ್ದರೆ ಇದು ಬರೀ ಬಣ್ಣ ಬಳಿದ ಕೋಣೆ. ನನಗೆ ಬೇರೆ ಕೆಲಸ ಬಾರದು, ಬೇಕಾಗಿಯೂ ಇಲ್ಲ.

ಜೂನ್ 6, ಗುರುವಾರ

ಪತ್ರಿಕೆಯ ಕಚೇರಿಗೆ ಹೋಗಿಬಂದೆ. ಮೈಯೆಲ್ಲ ಇನ್ನೂ ಉರಿಯುತ್ತಿದೆ.

ವರದಿ ಬರೆದವನು ನನಗಿಂತ ಹತ್ತು ವರ್ಷ ಚಿಕ್ಕವನು, ಮರ್ಯಾದಸ್ಥನೇ. ಕುರ್ಚಿ ಎಳೆದುಕೊಟ್ಟ. ನಾನು ಅವನಿಗೆ ಮನಸ್ಸಿನಲ್ಲೇ 'ಮೂಲಗಳು' ಎಂದು ಹೆಸರಿಟ್ಟಿದ್ದೇನೆ. ಎರಡು ಗುಂಪು ಎಲ್ಲಿತ್ತು ಎಂದು ಕೇಳಿದೆ.

"ಒಂದು ಕಡೆ ಒಬ್ಬ, ಇನ್ನೊಂದು ಕಡೆ ಒಬ್ಬ. ಎರಡು ಕಡೆ ಆಯ್ತಲ್ಲ ಮೇಡಂ."

"ಕಡೆ ಬೇರೆ, ಗುಂಪು ಬೇರೆ ಕಣಪ್ಪ. ನೀನು ಬಂದು ನೋಡಿದ್ಯಾ?"

"ಭಾನುವಾರ ನಾವು ಇಬ್ಬರೇ ಇರೋದು. ಫೋನಲ್ಲಿ ತಗೊಂಡೆ."

"ಯಾರ ಹತ್ರ?"

"ಮೂಲಗಳು ಮೇಡಂ, ಹೇಳೋ ಹಾಗಿಲ್ಲ."

ಮೂಲ ಯಾರೆಂದು ನನಗೆ ಗೊತ್ತು. ಕನ್ನಡಿ ಕಳೆದುಕೊಂಡ ಕಾರಿನವನು.

ಆಗ ಅವನ ಮೇಲಿನವರು ಬಂದರು. ಸುದ್ದಿ ಸಂಪಾದಕರು. ದಣಿದ ಮುಖ, ಕನ್ನಡಕ ತಲೆಯ ಮೇಲೆ. ಗಲಾಟೆಯಾದದ್ದು ನಿಜ ತಾನೆ, ಗಾಯವಾದದ್ದು ನಿಜ ತಾನೆ, ಕಾರು ಜಖಂ ಆದದ್ದು ನಿಜ ತಾನೆ ಎಂದು ಒಂದೊಂದಾಗಿ ಕೇಳಿದರು. ನಾನು ಹೌದು, ಹೌದು, ಹೌದು ಎನ್ನಬೇಕಾಯಿತು. ಎಲ್ಲವೂ ನಿಜವೇ ಆಗಿ ಒಟ್ಟಾರೆ ಸುಳ್ಳಾಗುವುದು ಹೇಗೆಂದು ಇವರ ಹತ್ತಿರವೇ ಕಲಿಯಬೇಕು.

"ಹಾಗಾದ್ರೆ ಕುಖ್ಯಾತ ಅನ್ನೋದು? ಹಿಂದೆ ನಡೆದ ಘಟನೆಗಳು ಯಾವುವು, ತೋರಿಸಿ" ಎಂದು ಪಟ್ಟು ಹಿಡಿದೆ. ಪಾಪ, ಅವರು ಕಂಪ್ಯೂಟರ್ ತೆಗೆದು ಹುಡುಕಿದರು. ಈ ಸಲದ ಕೊನೆಯ ಸಾಲು ಹೋದ ವರ್ಷದ ವರದಿಯಿಂದ ಎತ್ತಿದ್ದು. ಅದು ಅದಕ್ಕೂ ಹಿಂದಿನದರಿಂದ. ನಮ್ಮ ಬೀದಿಯ ಬಗ್ಗೆ ಏನು ಬರೆದರೂ ಕೊನೆಗೆ ಈ ಬಾಲವನ್ನು ಅಂಟಿಸುವುದು ಇಲ್ಲಿನ ರೂಢಿಯಂತೆ, ಓದುಗರಿಗೆ ಹಿನ್ನೆಲೆ ತಿಳಿಯಲಿ ಎಂದು. ಹಿಂದೆ ಹಿಂದೆ ಹೋಗುತ್ತಾ ಎಲ್ಲಕ್ಕಿಂತ ಹಳೆಯ ವರದಿ ಸಿಕ್ಕಿತು. ಅದರಲ್ಲಿದ್ದದ್ದು: "ಬೀದಿನಾಯಿಗಳ ಕಾಟಕ್ಕೆ ಕುಖ್ಯಾತವಾದ ಈ ಬೀದಿಯಲ್ಲಿ..."

ನಾಯಿಗಳು! ಅವು ಸತ್ತು ಯಾವ ಕಾಲವಾಯಿತೋ. ನಾಯಿಗಳು ಹೋದವು, ಕುಖ್ಯಾತಿ ನಮಗೆ ಉಳಿಯಿತು.

ಮೂಲಗಳು ನಕ್ಕುಬಿಟ್ಟ. ಸಂಪಾದಕರು ನಗಲಿಲ್ಲ, ಅದು ಅವರ ದೊಡ್ಡತನ. ಆದರೆ ತಿದ್ದುಪಡಿ ಹಾಕಲು ಒಪ್ಪಲಿಲ್ಲ. ವರದಿಯಲ್ಲಿ ತಪ್ಪು ಎಂಬುದೇ ಇಲ್ಲವಲ್ಲ! ಬದಲಿಗೆ, "ನಿಮ್ಮ ಶಿಶುವಿಹಾರದ ಬಗ್ಗೆ ಒಂದು ಒಳ್ಳೇ ಸುದ್ದಿ ಮಾಡೋಣ. ಜನಕ್ಕೆ ಬೀದಿಯ ಇನ್ನೊಂದು ಮುಖಾನೂ ಗೊತ್ತಾಗ್ಲಿ" ಎಂದರು. ಇನ್ನೊಂದು ಮುಖವಂತೆ. ನಮಗಿರುವುದು ಒಂದೇ ಮುಖ, ಅದಕ್ಕೆ ಇವರೇ ಮಸಿ ಬಳಿದದ್ದು. ಆದರೂ ಹೂಂ ಎಂದು ಬಂದೆ.

ಜೂನ್ 12, ಬುಧವಾರ

ಒಳ್ಳೇ ಸುದ್ದಿ ಬಂತು. ಶೀರ್ಷಿಕೆ: "ಕುಖ್ಯಾತ ಬೀದಿಯಲ್ಲೊಂದು ಮಕ್ಕಳ ಹೂದೋಟ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಒಳಗೆ, "ಭಯದ ನೆರಳಲ್ಲೂ ಅರಳುವ ನಗು" ಎಂಬ ಉಪಶೀರ್ಷಿಕೆ ಬೇರೆ. ಮೂಲಗಳು ಅರ್ಧ ದಿನ ಇಲ್ಲೇ ಕೂತು, ಮಕ್ಕಳ ಬಿಸ್ಕತ್ತು ತಿಂದು, ಗುಂಡನ ಕೈಯಲ್ಲಿ ಕೂದಲು ಎಳೆಸಿಕೊಂಡು ಹೋದವನು. ಅವನಿಗೆ ಕಂಡ ಭಯದ ನೆರಳು ಯಾವುದು? ನೀರಿನ ಟ್ಯಾಂಕಿನದೇ ಇರಬೇಕು, ಬೀದಿಯಲ್ಲಿ ಬೇರೆ ನೆರಳೇ ಇಲ್ಲ.

ಫೋಟೋದಲ್ಲಿ ನಾನು ನಡುವೆ ಇದ್ದೇನೆ. ಆಯಮ್ಮನನ್ನು ಅಂಚಿನಲ್ಲಿ ಕತ್ತರಿಸಿದ್ದಾರೆ. ಮಗುವನ್ನು ಹಿಡಿದಿರುವ ಒಂದು ಕೈ ಮಾತ್ರ ಉಳಿದಿದೆ. ಅವರು ಅದನ್ನು ನೋಡಿ, "ನನ್ನ ಕೈ ಬಂದಿದೆ ನೋಡಿ ಮಿಸ್, ಬಳೆ ಚೆನ್ನಾಗಿ ಕಾಣ್ತಿದೆ" ಎಂದು ಪತ್ರಿಕೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಸೊಸೆಗೆ ತೋರಿಸುತ್ತಾರಂತೆ.

ಜೂನ್ 13, ಗುರುವಾರ

ದಂತವೈದ್ಯೆ ಫೋನ್ ಮಾಡಿದ್ದರು. ಲೇಖನ ಬಹಳ ಚೆನ್ನಾಗಿದೆಯಂತೆ, ಅಂಥ ಜಾಗದಲ್ಲಿ ನಾನು ಮಾಡುತ್ತಿರುವ ಸೇವೆ ದೊಡ್ಡದಂತೆ. ಮಗಳನ್ನು ಯಾವಾಗ ಕಳಿಸುತ್ತೀರಿ ಎಂದೆ. ನೋಡೋಣ ಎಂದರು.

ಜೂನ್ 19, ಬುಧವಾರ

ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಮೂಲಗಳ ಫೋನ್. "ಮೇಡಂ, ನಿಮ್ಮ ಬೀದೀಲಿ ಸ್ಕೂಟರ್ ಹೋಯ್ತಂತಲ್ಲ?"

ಈಗಷ್ಟೇ ಅವಳಿಗಳ ತಂದೆ ಸೋಮವಾರದಿಂದ ಕಳಿಸುವ ಮಾತಾಡಿದ್ದರು. ಇನ್ನೊಂದು ಸಲ ಕುಖ್ಯಾತ ಬೀದಿ ಎಂದು ಬಂದರೆ ನಾನು ಬಾಗಿಲು ಹಾಕಿಕೊಂಡು ಕೂರಬೇಕು.

"ನಮ್ಮ ಬೀದಿ ಅಲ್ಲವೇ ಅಲ್ಲ" ಎಂದೆ. "ಸ್ಕೂಟರ್ ಹೋಗಿರೋದು ಹಿಂದಿನ ಗಲ್ಲೀಲಿ. ಸರಿಯಾಗಿ ವಿಚಾರಿಸಿ ಬರೀರಿ. ಅವರದ್ದಕ್ಕೆಲ್ಲ ನಮ್ಮ ಮೇಲೆ ಗೂಬೆ ಕೂರಿಸ್ಬೇಡಿ."

"ಓ, ಹಿಂದಿನ ಗಲ್ಲೀನಾ. ಅಲ್ಲಿ ಇಂಥದ್ದೆಲ್ಲ ಆಗ್ತಾ ಇರುತ್ತಾ ಮೇಡಂ?"

"ಈ ಕಡೆ ಏನೇ ಆದ್ರೂ ಅಲ್ಲೇ ಆಗೋದು."

"ಥ್ಯಾಂಕ್ಸ್ ಮೇಡಂ. ನಿಮ್ಮ ಹೆಸರು ಹಾಕಲ್ಲ."

ಸದ್ಯ, ಈ ಸಲ ಬರೆಯುವ ಮುಂಚೆ ಕೇಳುವ ಬುದ್ಧಿಯಾದರೂ ಬಂತಲ್ಲ. ನಾನು ಕಚೇರಿಗೆ ಹೋಗಿ ಕೂಗಾಡಿದ್ದು ದಂಡವಾಗಲಿಲ್ಲ.

ಜೂನ್ 20, ಗುರುವಾರ

"ಹಿಂದಿನ ಗಲ್ಲಿಯಲ್ಲಿ ಸ್ಕೂಟರ್ ಕಳವು. ಕಳ್ಳತನಗಳಿಗೆ ಕುಖ್ಯಾತವಾದ ಈ ಗಲ್ಲಿಯಲ್ಲಿ ಹಿಂದೆಯೂ ಇಂಥ ಘಟನೆಗಳು ನಡೆದಿದ್ದು, ಸುತ್ತಲಿನ ಬೀದಿಗಳ ನಾಗರಿಕರು ಆತಂಕಗೊಂಡಿದ್ದಾರೆ ಎಂದು ಸ್ಥಳೀಯ ನಿವಾಸಿಯೊಬ್ಬರು ತಿಳಿಸಿದ್ದಾರೆ."

ಚಿಕ್ಕದಾಗಿ, ಚೊಕ್ಕವಾಗಿ ಬರೆದಿದ್ದಾನೆ. ನಮ್ಮ ಬೀದಿಯ ಸುದ್ದಿಯೇ ಇಲ್ಲ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ತಿಂಡಿ ತಿಂದೆ.

ನಮ್ಮವರು ಓದಿ ಪತ್ರಿಕೆ ಮಡಚಿಟ್ಟರು. ತಮಾಷೆ ಮಾಡಲಿಲ್ಲ. "ಆಯಮ್ಮನ ಮನೆ ಇರೋದು ಅಲ್ಲೇ ಅಲ್ವಾ?" ಎಂದರು.

"ಅವರ ಬಗ್ಗೆ ಯಾರು ಏನಂದ್ರು ಈಗ? ಗಲ್ಲಿ ಬಗ್ಗೆ ಬರೆದಿರೋದು" ಎಂದೆ. ಎಲ್ಲದಕ್ಕೂ ಕೊಂಕು ಹುಡುಕುವುದು ಇವರ ಚಾಳಿ. ನನ್ನ ಶಿಶುವಿಹಾರ ಮುಚ್ಚಿದ್ದರೆ ಇವರಿಗೆ ಸಂತೋಷವಾಗುತ್ತಿತ್ತೋ ಏನೋ.

ಆಯಮ್ಮ ಇವತ್ತು ಪತ್ರಿಕೆಯ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಬಿಗುವಾಗಿದ್ದಂತೆ ಕಂಡಿತು.

ಜೂನ್ 24, ಸೋಮವಾರ

ಅವಳಿಗಳು ಬಂದರು! ದಂತವೈದ್ಯೆಯ ಮಗಳೂ ಬಂದಳು. ಕೋಣೆ ತುಂಬ ಗದ್ದಲ, ಒಬ್ಬರ ಬೆರಳು ಇನ್ನೊಬ್ಬರ ಕಣ್ಣಲ್ಲಿ. ಎಷ್ಟು ಹಾಯಾಯಿತು ಎಂದರೆ ಇಬ್ಬರನ್ನೂ ಗದರುವ ಮನಸ್ಸೇ ಬರಲಿಲ್ಲ.

ಸ್ಕೂಟರ್ ಸಿಕ್ಕಿತಂತೆ, ಮೂಲೆ ಅಂಗಡಿಯವನು ಹೇಳಿದ. ಯಾರೂ ಕದ್ದಿರಲಿಲ್ಲ. ಯಜಮಾನನ ಅಳಿಯ ಹೇಳದೆ ಕೇಳದೆ ತೆಗೆದುಕೊಂಡು ಹೋಗಿ, ಮೂರು ದಿನ ಓಡಾಡಿಸಿ ತಂದು ನಿಲ್ಲಿಸಿದ್ದಾನೆ. ಇದನ್ನು ಪತ್ರಿಕೆಗೆ ತಿಳಿಸಬೇಕಾದದ್ದು ಆ ಗಲ್ಲಿಯವರು. ಊರವರ ಉಸಾಬರಿಯೆಲ್ಲ ನಾನೇ ಹೊತ್ತುಕೊಳ್ಳಲು ಆಗುತ್ತದೆಯೇ?

ಸಂಜೆ ಗುಂಡನನ್ನು ಕರೆದುಕೊಳ್ಳಲು ಬಂದ ಬ್ಯಾಂಕಿನ ಮೇಡಂ ದನಿ ತಗ್ಗಿಸಿ ಕೇಳಿದರು, "ಬೇಜಾರು ಮಾಡ್ಕೋಬೇಡಿ. ನಿಮ್ಮ ಆಯಾ ಆ ಗಲ್ಲಿಯವರಂತೆ ಹೌದಾ?"

"ಹೌದು, ಆದ್ರೆ ಎಷ್ಟೋ ವರ್ಷದಿಂದ..."

"ಇರಬಹುದು, ಇರಬಹುದು. ನಾವು ನಾಲ್ಕೈದು ಜನ ಮಾತಾಡ್ಕೊಂಡ್ವಿ. ಮಕ್ಕಳ ವಿಷಯ ನೋಡಿ. ಮಗು ಕತ್ತಲ್ಲಿ ಸರ ಇರುತ್ತೆ, ಕಾಲಲ್ಲಿ ಗೆಜ್ಜೆ ಇರುತ್ತೆ."

ಗುಂಡ ಅಷ್ಟೊತ್ತೂ ಆಯಮ್ಮನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ನಿದ್ದೆ ಮಾಡುತ್ತಿದ್ದ. ತಾಯಿ ಎತ್ತಿಕೊಂಡಾಗ ಎದ್ದು ಕಿರುಚಿದ. ಆ ಮಗು ಆಯಮ್ಮನ ತಟ್ಟುವಿಕೆ ಇಲ್ಲದೆ ಕಣ್ಣು ಮುಚ್ಚುವುದಿಲ್ಲ, ಇದು ಈಕೆಗೂ ಗೊತ್ತು. ಹೇಳೋಣವೆಂದು ಬಾಯಿ ತೆರೆದೆ. ನಾಲ್ಕೈದು ಜನ ಎಂದರಲ್ಲ, ಆ ನಾಲ್ಕೈದು ಜನ ಯಾರ್‍ಯಾರು ಎಂದು ಲೆಕ್ಕ ಹಾಕುತ್ತಾ ನಿಂತುಬಿಟ್ಟೆ.

ಜೂನ್ 26, ಬುಧವಾರ

ಪೋಷಕರ ಅಭಿಪ್ರಾಯಗಳನ್ನು ಗಮನದಲ್ಲಿಟ್ಟುಕೊಂಡು, ಮಕ್ಕಳ ಹಿತದೃಷ್ಟಿಯಿಂದ, ಸಹಾಯಕಿಗೆ ಕೆಲವು ದಿನಗಳ ಮಟ್ಟಿಗೆ ವಿಶ್ರಾಂತಿ ನೀಡಲಾಯಿತು. ವಾತಾವರಣ ತಿಳಿಯಾದ ನಂತರ ಮರಳಿ ಕರೆಸಿಕೊಳ್ಳುವ ಬಗ್ಗೆ ಪರಿಶೀಲಿಸಲಾಗುವುದು ಎಂದು ಆಕೆಗೆ ತಿಳಿಸಲಾಗಿದೆ.

ಆಕೆ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಬಹುದಿತ್ತು. ಒಣಗಲು ಹಾಕಿದ್ದ ಮಕ್ಕಳ ಬಟ್ಟೆಗಳನ್ನೆಲ್ಲ ತಂದು, ಯಾರದ್ದು ಯಾರದ್ದೆಂದು ಬೇರೆ ಮಾಡಿ ಮಡಚಿಟ್ಟು, "ಗುಂಡನ್ನ ಬಲಗಡೆ ಮಗ್ಗುಲಾಗಿ ಮಲಗಿಸಿ ಮಿಸ್, ಎಡಗಡೆ ಆದ್ರೆ ಕೆಮ್ಮು ಬರುತ್ತೆ" ಎಂದು ಹೇಳಿ ಹೋದರು.

ನಮ್ಮವರು ರಾತ್ರಿ ಊಟದ ತಟ್ಟೆಯ ಮುಂದೆ ಒಂದು ಮಾತೂ ಆಡಲಿಲ್ಲ. ಸುಮ್ಮನಿರುವುದು ಸುಲಭ. ನಡೆಸುವವರಿಗೆ ಗೊತ್ತು ಕಷ್ಟ.

ಜೂನ್ 28, ಶುಕ್ರವಾರ

ಹೊಸ ಸಹಾಯಕಿ ಬಂದಿದ್ದಾಳೆ. ಒಳ್ಳೆಯ ಬಡಾವಣೆಯವಳು. ಮಕ್ಕಳನ್ನು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಗುಂಡ ಮಧ್ಯಾಹ್ನವೆಲ್ಲ ಬಾಗಿಲಿಗೆ ಅಂಟಿಕೊಂಡು ಅತ್ತ. ನಾನು ತಟ್ಟಿದೆ, ಅವಳು ತಟ್ಟಿದಳು. ಬಲಗಡೆ, ಎಡಗಡೆ, ಬೋರಲು. ಏನು ಮಾಡಿದರೂ ಅಷ್ಟೇ. ಅವನ ಅಳುವಿಗೆ ಉಳಿದವರೂ ಎದ್ದು ಸುತ್ತ ನಿಂತು ಅಳತೊಡಗಿದರು. ನನಗೂ ಅಳು ಬಂತು. ನಿದ್ದೆಯಿಲ್ಲದ ಮಕ್ಕಳ ನಡುವೆ ಯಾರಿಗೆ ತಾನೆ ಬರುವುದಿಲ್ಲ?

ಜುಲೈ 2, ಮಂಗಳವಾರ

ಮೂಲಗಳು ಫೋನ್ ಮಾಡಿದ್ದ. "ಮೇಡಂ, ನಿಮ್ಮಲ್ಲಿದ್ದ ಹಿಂದಿನ ಗಲ್ಲಿ ಹೆಂಗಸನ್ನ ತೆಗೆದ್ರಂತೆ? ಏನಾದ್ರೂ ಹೋಗಿತ್ತಾ?"

ಯಾರು ಹೇಳಿದರು ಎಂದೆ. ಮೂಲಗಳು ಎಂದ.

ಏನೂ ಹೋಗಿಲ್ಲ ಎಂದರೆ, ಮತ್ತೇಕೆ ತೆಗೆದಿರಿ ಎಂದು ಕೇಳುತ್ತಾನೆ. ಪೋಷಕರು ಹೇಳಿದರು ಎಂದರೆ ಅದು ನಾಳೆ ಪತ್ರಿಕೆಯಲ್ಲಿ ಬರುತ್ತದೆ, ನಾಡಿದ್ದು ಪೋಷಕರೆಲ್ಲ ನನ್ನ ಮೇಲೆ ತಿರುಗಿಬೀಳುತ್ತಾರೆ. ಏನು ಹೇಳಿದರೂ ಇವನು ಬಾಲ ಅಂಟಿಸುವವನೇ. ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎನಿಸಿತು. "ಅದರ ಬಗ್ಗೆ ನಾನೇನೂ ಹೇಳೋದಿಲ್ಲ" ಎಂದು ಫೋನ್ ಇಟ್ಟೆ.

ಒಂದೇ ಒಂದು ಮಾತು ಆಡಿಲ್ಲ. ಇನ್ನೇನು ಬರೆಯುತ್ತಾನೆ, ಬರೆಯಲಿ ನೋಡೋಣ.

ಜುಲೈ 3, ಬುಧವಾರ

"ಶಿಶುವಿಹಾರದ ಸಹಾಯಕಿಗೆ ಗೇಟ್‌ಪಾಸ್. ಕಳ್ಳತನಗಳಿಗೆ ಕುಖ್ಯಾತವಾದ ಹಿಂದಿನ ಗಲ್ಲಿಯ ನಿವಾಸಿಯಾದ ಮಹಿಳೆಯೊಬ್ಬಳನ್ನು ಶಿಶುವಿಹಾರದ ಕೆಲಸದಿಂದ ದಿಢೀರ್ ಕೈಬಿಡಲಾಗಿದೆ. ಮಕ್ಕಳ ಆಭರಣಗಳ ಸುರಕ್ಷತೆ ಬಗ್ಗೆ ಪೋಷಕರಲ್ಲಿ ಆತಂಕವಿತ್ತು ಎನ್ನಲಾಗಿದೆ. ಘಟನೆ ಕುರಿತು ಪ್ರತಿಕ್ರಿಯಿಸಲು ಶಿಶುವಿಹಾರದ ಮುಖ್ಯಸ್ಥೆ ನಿರಾಕರಿಸಿದರು."

ಘಟನೆ! ಯಾವ ಘಟನೆ? ಯಾವ ಮಗುವಿನ ಯಾವ ಆಭರಣ? ಎಲ್ಲೂ ಕದ್ದಳು ಎಂದಿಲ್ಲ. ಮೂರು ಸಲ ಹುಡುಕಿದೆ. ಓದಿದವರಿಗೆ ಮಾತ್ರ ಅದೊಂದೇ ತಿಳಿಯುತ್ತದೆ.

ನನ್ನ ಬಾಯಿಂದ ಒಂದು ಮಾತು ಹೊರಡದಿದ್ದರೂ ನನ್ನನ್ನೂ ಇದರಲ್ಲಿ ಎಳೆದು ತಂದಿದ್ದಾನೆ. ಈ ಜನರ ಸಹವಾಸವೇ ಬೇಡ.

ಜುಲೈ 4, ಗುರುವಾರ

ತಲೆನೋವು. ಮಕ್ಕಳು ಎಲ್ಲರೂ ಬಂದಿದ್ದರು.

ಜುಲೈ 5, ಶುಕ್ರವಾರ

ಮೂಲೆ ಅಂಗಡಿಗೆ ಹಾಲು ತರಲು ಹೋಗಿದ್ದೆ. ಅಂಗಡಿಯವನು ಪೊಟ್ಟಣ ಕೊಡುತ್ತಾ, "ಆಯಮ್ಮನಿಗೆ ದೊಡ್ಡ ರಸ್ತೆಯಲ್ಲಿ ಕಾಯಿಲೆ ಅಜ್ಜೀನ ನೋಡ್ಕೊಳ್ಳೋ ಕೆಲಸ ಸಿಕ್ಕಿತ್ತು ಅಕ್ಕ. ಪೇಪರ್ ಬಂದ ದಿನಾನೇ ಬರಬೇಡ ಅಂದ್ರಂತೆ" ಎಂದ. ಆಮೇಲೆ, "ಹೋಗಿದ್ದು ಏನು ಅಕ್ಕ? ಸರಾನಾ?" ಎಂದು ಕೇಳಿದ.

"ಏನೂ ಹೋಗಿಲ್ಲ ಕಣೋ!" ಎಂದು ಕೂಗಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ನನಗೆ ಗೊತ್ತು.

ಸೀದಾ ಪತ್ರಿಕೆಯ ಕಚೇರಿಗೆ ಹೋದೆ. ಹಾಲಿನ ಪೊಟ್ಟಣ ಕೈಯಲ್ಲೇ ಇತ್ತು. ಸಂಪಾದಕರು ರಜೆ. ಮೂಲಗಳ ಮೇಜಿನ ಮುಂದೆ ನಿಂತು, ನಾಳೆಯೇ ಸ್ಪಷ್ಟನೆ ಹಾಕಬೇಕು ಎಂದೆ.

"ಹಾಕೋಣ ಮೇಡಂ. ಯಾಕೆ ತೆಗೆದಿದ್ದು ಅಂತ ಬರೀಲಿ?"

ನಾನು ಹಾಲಿನ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಅವನು ಕಾದ. ಕೊನೆಗೆ ಒಂದು ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿ, "ನಾನು ಬರೆದ್ರೆ ನಿಮಗೆ ಸಮಾಧಾನ ಆಗಲ್ಲ. ನೀವೇ ಬರೆದುಕೊಡಿ. ಒಂದಕ್ಷರ ಬದಲಾಯಿಸಲ್ಲ" ಎಂದ.

ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಗಲ್ಲಿಯ ಮಾತು ಎತ್ತಿದರೆ ಬ್ಯಾಂಕಿನ ಮೇಡಂಗೆ ನಾಟುತ್ತದೆ. ಪೋಷಕರ ಮಾತು ಎತ್ತುವಂತೆಯೇ ಇಲ್ಲ. ಶಿಶುವಿಹಾರದ ಹೆಸರಿನ ಪಕ್ಕದಲ್ಲಿ ಕಳ್ಳತನ ಎಂಬ ಪದ ಇನ್ನೊಂದು ಸಲ ಅಚ್ಚಾಗಬಾರದು, ಅದನ್ನಂತೂ ಬಹಳ ಎಚ್ಚರಿಕೆಯಿಂದ ನೋಡಿಕೊಂಡೆ. ಹರಿದು, ಬರೆದು, ಹರಿದು, ಕೊನೆಗೆ ಒಂದು ಹದಕ್ಕೆ ಬಂತು. ಯಾರ ಮನಸ್ಸಿಗೂ ನೋವಾಗದಂತೆ ಬರೆದಿದ್ದೇನೆ. ಮೂಲಗಳು ಓದಿ, "ನಿಮ್ಮದು ಒಳ್ಳೇ ಕೈ ಮೇಡಂ, ನಮ್ಮಲ್ಲೇ ಸೇರ್ಕೊಳ್ಳಿ" ಎಂದು ನಕ್ಕ. ಹಾಲು ಒಡೆದು ಹೋಗಿತ್ತು.

ಜುಲೈ 7, ಭಾನುವಾರ

ನಿನ್ನೆ ಜಾಗವಿರಲಿಲ್ಲವಂತೆ, ಇವತ್ತು ಬಂತು. ಮೂರನೇ ಪುಟದಲ್ಲೇ, ಆದರೆ ಕೆಳಗೆ, ಜಾಹೀರಾತಿನ ಪಕ್ಕ.

"ಸ್ಪಷ್ಟನೆ: ಶಿಶುವಿಹಾರದ ಸಹಾಯಕಿಯ ಬಗ್ಗೆ ಪ್ರಕಟವಾದ ವರದಿಗೆ ಸಂಬಂಧಿಸಿದಂತೆ, ಅವರು ವೈಯಕ್ತಿಕ ಕಾರಣಗಳಿಂದ, ಪರಸ್ಪರ ಒಪ್ಪಿಗೆಯ ಮೇರೆಗೆ ಕೆಲಸದಿಂದ ಬಿಡುವು ಪಡೆದಿರುತ್ತಾರೆ. ಅವರ ದೀರ್ಘಕಾಲದ ಸೇವೆಯನ್ನು ಸಂಸ್ಥೆಯು ಗೌರವಿಸುತ್ತದೆ ಎಂದು ಮುಖ್ಯಸ್ಥೆ ತಿಳಿಸಿದ್ದಾರೆ."

ಓದಿ ನನಗೇ ಹೆಮ್ಮೆಯಾಯಿತು. ಪತ್ರಿಕೆಯನ್ನು ಹಿಡಿದುಕೊಂಡು ಹಿಂದಿನ ಗಲ್ಲಿಗೆ ಹೋದೆ. ಇಷ್ಟು ವರ್ಷದಲ್ಲಿ ಆಯಮ್ಮನ ಮನೆಗೆ ಹೋದದ್ದು ಇದೇ ಮೊದಲು. ನಮ್ಮ ಹಿತ್ತಲ ಗೋಡೆಗೆ ಬೆನ್ನು ಹಚ್ಚಿಕೊಂಡಂತೆ ಇದೆ. ನಮ್ಮ ಮಕ್ಕಳ ಗಲಾಟೆ ಅವರ ಅಡುಗೆಮನೆಗೆ ಕೇಳುತ್ತದೆ ಎಂದು ಅಲ್ಲಿ ನಿಂತಾಗಲೇ ತಿಳಿದದ್ದು. ಗುಂಡ ಆ ಮಧ್ಯಾಹ್ನವೆಲ್ಲ ಅತ್ತದ್ದನ್ನು ಅವರು ಇಲ್ಲಿ ಕೂತು ಕೇಳಿರಬೇಕು.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ದಾರಿ ಬಿಡಲೋ ಬೇಡವೋ ಎಂಬಂತಿತ್ತು ಅವಳ ಮುಖ. ಒಳಗಿಂದ ಆಯಮ್ಮ, "ಯಾರು? ಮಿಸ್ಸಾ? ಬರ್ಲಿ ಬಿಡು" ಎಂದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಗುಂಡ ಮಲಗ್ತಾನಾ ಎಂದರು. ಮಲಗುತ್ತಾನೆ ಎಂದೆ. ಅವರು ನನ್ನ ಮುಖ ನೋಡಿದರು.

ನಾನು ಪತ್ರಿಕೆ ಕೊಟ್ಟು, ಬೆರಳಿಟ್ಟು ತೋರಿಸಿದೆ. "ನಾನೇ ಹೋಗಿ ಹಾಕಿಸಿದ್ದು ಆಯಮ್ಮ. ಕೂಗಾಡ್ಬಿಟ್ಟೆ ಅಲ್ಲಿ."

ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಓದಿದರು. ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ, ಮತ್ತೆ ಮೇಲಿನಿಂದ ಓದಿದರು. ಹಿಂಬದಿ ತಿರುಗಿಸಿ ಅಲ್ಲೇನಾದರೂ ಮುಂದುವರಿದಿದೆಯೇ ಎಂದು ನೋಡಿದರು. ಆಮೇಲೆ ಬಂದು ಪತ್ರಿಕೆಯನ್ನು ನನ್ನ ತೊಡೆಯ ಮೇಲಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗು ಕಳೆದುಕೊಂಡ ಚಪ್ಪಲಿ ಎಲ್ಲಿ ಎಂದು ಕೇಳುವಾಗ ಇರುತ್ತದಲ್ಲ, ಅದೇ ದನಿ.

"ನಾನು ಏನೂ ಕದ್ದಿಲ್ಲ ಅಂತ ಎಲ್ಲಿದೆ ಮಿಸ್? ನಂಗೆ ಸಿಗ್ಲಿಲ್ಲ. ಸ್ವಲ್ಪ ತೋರಿಸಿ."

ನಾನು ಪತ್ರಿಕೆ ಎತ್ತಿಕೊಂಡೆ. ಎಲ್ಲಿದೆ ಎಂದು ನಿಜಕ್ಕೂ ಹುಡುಕಿದೆ. ಮೊದಲ ಸಾಲು, ಎರಡನೆಯ ಸಾಲು, ಸೇವೆ, ಗೌರವ. ಆಯಮ್ಮ ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದರು. ಸೊಸೆಯೂ ಬಾಗಿಲು ಬಿಟ್ಟು ಹತ್ತಿರ ಬಂದು ನಿಂತಳು. ಬೆರಳನ್ನು ಎತ್ತಲಾಗದೆ ಮತ್ತೆ ಮೊದಲಿನಿಂದ ಓದಿದೆ.

ಇರಲಿಲ್ಲ. ವರದಿಗಾರ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ. ನಾನು ಬರೆದುಕೊಟ್ಟದ್ದರಲ್ಲಿ ಒಂದಕ್ಷರವನ್ನೂ ಅವನು ಬದಲಿಸಿರಲಿಲ್ಲ.